ಅಮಾಯಿ ಅಂದರೆ ಮಾಯಾ ಅಲ್ಲ

ಚಿಂಚವಾಡ, ಪುಣೆ
೧೪ ಮಾರ್ಚ್ ೧೯೯೯

ಮಾಯಾಗೆ,

ಪತ್ರದ ಮೊದಲ ಸಾಲಿನಲ್ಲಿ ಕ್ಷೇಮ ಬರೆಯಬೇಕು ಎಂದು ಅವ್ವ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ. ನಾನು ಬರೆಯುವುದಿಲ್ಲ. ನೀನಿಲ್ಲದ ಮನೆಯಲ್ಲಿ ಎಂಥ ಕ್ಷೇಮ?

ಹೋಗುವಾಗ ಏನು ಹೇಳಿದ್ದೆ, ನೆನಪಿದೆಯೋ ಇಲ್ಲವೋ? ಗಂಡಸು ಫಿಟರ್‌ಗಳು ಹೋದರೆ ಮಲಾವಿ ದೇಶದ ಹಳ್ಳಿ ಹೆಂಗಸರು ಹತ್ತಿರ ಬರುವುದಿಲ್ಲ, ಅದಕ್ಕೇ ನಿಮ್ಮ ಪಂಪ್ ಕಂಪನಿಯ ಸೂಪರ್‌ವೈಸರ್ ಮಧುಕರ ಟೆಸ್ಟಿಂಗ್ ಲೈನಿನಲ್ಲಿ ಕೈ ಪಳಗಿದ ನಿನ್ನನ್ನೇ ಆರಿಸಿದ್ದಾನೆ, ಅವರಿಗೆ ಕೈಪಂಪು ಬಿಚ್ಚಿ ಜೋಡಿಸುವುದನ್ನು ಕಲಿಸಿ ಮೇ ಕೊನೆಗೆ ಬಂದುಬಿಡುತ್ತೇನೆ ಎಂದಿದ್ದೆ. ಅಲ್ಲಿಯವರು ನಿನ್ನನ್ನು ಆರು ತಿಂಗಳು ಪಟ್ಟಣದ ಗೋದಾಮಿನಲ್ಲಿ ಕೂಡಿಸಿ, ಹಳ್ಳಿಗೆ ಕಳಿಸಿದ್ದೇ ಜನವರಿಯಲ್ಲಿ. ಈಗ ನೋಡಿದರೆ ಬೇರೆಯೇ ರಾಗ. ಹೆಂಗಸರು ಏನೂ ಕಲಿಯುತ್ತಿಲ್ಲವಂತೆ, ಪಂಪು ಕೆಟ್ಟರೆ ಒಬ್ಬರೂ ಏಳುವುದಿಲ್ಲವಂತೆ, ಏಪ್ರಿಲ್‌ನ ಪರೀಕ್ಷೆಯಲ್ಲಿ ಅವರು ತಾವೇ ರಿಪೇರಿ ಮಾಡಿ ತೋರಿಸದಿದ್ದರೆ ನಿನ್ನನ್ನು ಇನ್ನೊಂದು ವರ್ಷ ಅಲ್ಲೇ ಇಟ್ಟುಕೊಳ್ಳುತ್ತಾರಂತೆ. ಅಯ್ಯೋ ನನ್ನವ್ವಾ! ಜೂನ್‌ನಲ್ಲಿ ನಮ್ಮ ಆರತಿಯ ಶಾಲೆ ಶುರು. ಮೊದಲ ದಿನ ಗೇಟಿನವರೆಗೆ ಅವಳ ಕೈ ಹಿಡಿದು ನಡೆಯುವವಳು ನೀನೇ ಎಂದು ನೀನೇ ಮಾತು ಕೊಟ್ಟಿದ್ದು. ಅದನ್ನು ಅವಳು ಚಾಳಿನ ಮನೆಮನೆಗೂ ಹೇಳಿಕೊಂಡು ತಿರುಗುತ್ತಿದ್ದಾಳೆ.

ಇಲ್ಲಿಯ ಅವಸ್ಥೆ ಕೇಳು. ಅವ್ವನ ಮೊಣಕಾಲು ಹಿಡಿದುಬಿಟ್ಟಿದೆ. ರೊಟ್ಟಿ ನನ್ನ ಪಾಲಿಗೆ ಬಂತು. ಮೊನ್ನೆ ಕಾರ್ಖಾನೆಯಲ್ಲಿ ಡಬ್ಬಿ ಬಿಚ್ಚಿದರೆ, ಪಕ್ಕದ ಮಷಿನ್ನಿನ ಮಲಕಪ್ಪ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. ನಮ್ಮ ಸೇಡಂ ಕಡೆಯವನು, ಬಾಯಿ ಸುಮ್ಮನಿರುತ್ತದೆಯೇ? "ಹೆಂಡ್ತೀನ ಆಫ್ರಿಕಾಕ್ಕ ಕಳಿಸಿ ನೀ ಇಲ್ಲಿ ರೊಟ್ಟಿ ಬಡೀಲಕತ್ತಿಯೇನಲೇ ಭೀಮು? ಇದು ರೊಟ್ಟಿನೋ, ಆಫ್ರಿಕಾದ ನಕಾಶೇನೋ?" ಅಂದ. ಇಡೀ ಶಾಪು ನಕ್ಕಿತು. ನಾನೂ ನಕ್ಕೆ, ಏನು ಮಾಡಲಿ.

ನಲ್ಲಿಯಲ್ಲಿ ನೀರು ನಸುಕಿಗೇ ಬಂದು ಹೋಗುತ್ತದೆ. ಹೆಂಡತಿ ಪರದೇಶಕ್ಕೆಲ್ಲ ನೀರು ಕುಡಿಸುತ್ತಿದ್ದಾಳೆ, ಗಂಡನ ಕೊಡ ಚಾಳಿನ ಸರತಿಯಲ್ಲಿ ಕಟ್ಟಕಡೆಗೆ. ಎದುರು ಮನೆಯ ಪ್ರಫುಲ್ಲಾ ವಹಿನಿ ದಿನಾ ನಗುತ್ತಾಳೆ, "ಕಾಯ್ ಭಾವುಜಿ, ಆಜ್ ಪಣ್ ಉಶೀರ್?" ಇವತ್ತೂ ತಡವೇ ಎಂದು ಕೇಳಲು ಅವಳಿಗೆ ಅಷ್ಟು ಖುಷಿ. ಇನ್ನು ಆರತಿಯಂತೂ ಸೊರಗಿ ಕಡ್ಡಿಯಾಗಿದ್ದಾಳೆ. ಊಟಕ್ಕೆ ಕೂತರೆ ಎರಡು ತುತ್ತು, ಆಮೇಲೆ ನಿನ್ನ ಹೆಸರು ಹಿಡಿದು ರಾಗ. ಅವಳ ಕೂದಲು ಬಾಚುವವರಿಲ್ಲ. ನಿನ್ನೆ ಎರಡು ಜಡೆಗೂ ಕೆಂಪು ರಿಬ್ಬನ್ ಕಟ್ಟಿಕೊಂಡು ಕುಣಿಯುತ್ತಿದ್ದಳು... ಅದು ಪ್ರಫುಲ್ಲಾ ಕಟ್ಟಿದ್ದು, ದಿನಾ ಅಲ್ಲ.

ಹೀಗಿದೆ ನಮ್ಮ ಸಂಸಾರ. ಆದ್ದರಿಂದ ಆ ಹೆಂಗಸರಿಗೆ ಗಟ್ಟಿಯಾಗಿ ಹೇಳಿ ಕಲಿಸು, ಬೈದಾದರೂ ಕಲಿಸು. ನೀನೊಬ್ಬಳೇ ಓಡಾಡಿ ಪಂಪು ರಿಪೇರಿ ಮಾಡುತ್ತಾ ಹೋದರೆ ಈ ಜನ್ಮದಲ್ಲಿ ನಿನ್ನನ್ನು ಬಿಡುವುದಿಲ್ಲ ಅವರು.

ದಾರಿ ಕಾಯುತ್ತಾ ಸುಸ್ತಾದ,
ಭೀಮು

ತಾ.ಕ. ಆ ದೇಶದಲ್ಲಿ ಜೋಳ ಸಿಗುತ್ತದೋ ಇಲ್ಲವೋ ಎಂದು ಅವ್ವ ಕೇಳುತ್ತಾಳೆ. ಬೇರೆ ಯಾವ ಚಿಂತೆಯೂ ಅವಳಿಗಿಲ್ಲ.

—

ಕಲೊಂಡೆ ಹಳ್ಳಿ, ಮಲಾವಿ
೨೯ ಏಪ್ರಿಲ್ ೧೯೯೯

ಆರತಿಯ ಅಪ್ಪನವರಿಗೆ,

ನಿಮಗೆ, ಅತ್ತೆಯವರಿಗೆ ನನ್ನ ನಮಸ್ಕಾರ. ಆರತಿಗೆ ಎರಡೂ ಕೆನ್ನೆಗೆ ಮುತ್ತು. ಪತ್ರ ಬಂದರೆ ನೀವು ಅತ್ತೆಗೆ ಜೋರಾಗಿ ಓದಿ ಹೇಳುತ್ತೀರಿ ಎಂದು ಗೊತ್ತು. ಅದಕ್ಕೇ ಈ ಮೊದಲ ಹಾಳೆ ಎಲ್ಲರಿಗೂ. ಎರಡನೆಯದು ನಿಮಗೊಬ್ಬರಿಗೆ.

ಅತ್ತೆ, ಇಲ್ಲಿ ನಮ್ಮ ಬಿಳಿಜೋಳ ಕಡಿಮೆ, ಮೆಕ್ಕೆಜೋಳವೇ ಎಲ್ಲ. ಅದರ ಹಿಟ್ಟನ್ನು ನಮ್ಮ ಸಂಗಟಿಯಂತೆ ಗಟ್ಟಿಯಾಗಿ ತಿರುವಿ, ಸೊಪ್ಪಿನ ಪಲ್ಯದ ಜೊತೆ ಉಣ್ಣುತ್ತಾರೆ. ನಾನು ತಂದಿದ್ದ ಶೇಂಗಾ ಚಟ್ನಿ ಸಂಗಡ ಎನೆಲೆಸಿಗೆ ತಿನ್ನಿಸಿದೆ. ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತಾ ಮತ್ತೆ ಕೈ ಚಾಚಿದಳು.

ಎನೆಲೆಸಿ ಅಂದರೆ ಇಲ್ಲಿನ ಪಂಪು ಸಮಿತಿಯ ಮುಖ್ಯಸ್ಥೆ, ನನ್ನದೇ ವಯಸ್ಸು. ಈ ಊರಿನಲ್ಲಿ ಮೊದಲೂ ಒಂದು ಪಂಪಿತ್ತು. ಅದು ಕೆಟ್ಟಾಗ ಪಟ್ಟಣದ ಮೆಕ್ಯಾನಿಕ್ ಬರಲಿ ಎಂದು ಜನ ಕಾದರು, ವರ್ಷಗಟ್ಟಲೆ ಕಾದರು, ಆಮೇಲೆ ಅದಕ್ಕೆ ಆಡು ಕಟ್ಟಲು ಶುರುಮಾಡಿದರು. ಕುಡಿಯುವುದಕ್ಕೆ ಮತ್ತೆ ಹಳ್ಳದ ಮರಳಿನಲ್ಲಿ ತೋಡಿದ ಗುಂಡಿ, ದನಗಳಿಗೂ ಅದೇ. ಎನೆಲೆಸಿಯ ಕೊನೆಯ ಮಗು ಆ ನೀರಿನಿಂದಲೇ ವಾಂತಿಭೇದಿಯಾಗಿ ಹೋಯಿತು. ಅದಕ್ಕೇ ಈ ಸಲ ಹೊಸ ಪಂಪು ಕೂಡಿಸುವಾಗಲೇ ನನ್ನನ್ನು ಕರೆಸಿದ ಸಂಸ್ಥೆಯವರು ಹಟ ಹಿಡಿದರು: ಊರಿನ ಪಂಪನ್ನು ಊರಿನ ಹೆಂಗಸರೇ ನೋಡಿಕೊಳ್ಳಬೇಕು, ಯಾವ ಮೆಕ್ಯಾನಿಕ್ಕಿಗೂ ಕಾಯಬಾರದು.

ಈಗ ನಗುವ ಸಂಗತಿ. ಹೆಂಗಸರು ಕಲಿಯುತ್ತಿಲ್ಲ ಎಂದು ಬರೆದಿದ್ದೆನಲ್ಲ, ಅವರು ಎಂದೋ ಕಲಿತಿದ್ದರು. ದಡ್ಡಿ ನಾನು.

ಪಟ್ಟಣದ ಗೋದಾಮಿನಲ್ಲಿದ್ದಾಗ ಎಲ್ಲರೂ ನನ್ನನ್ನು ಮೇಡಮ್ ಎನ್ನುತ್ತಿದ್ದರು. ಹಳ್ಳಿಗೆ ಬಂದ ದಿನ ಮರದ ಕೆಳಗೆ ನಿಂತು ನನ್ನ ಹೆಸರು ಮಾಯಾ ಎಂದು ಹೇಳಿದೆ. ಮರುದಿನದಿಂದ ಎಲ್ಲರ ಬಾಯಲ್ಲೂ ಅಮಾಯಿ, ಅಮಾಯಿ. ನಮ್ಮತ್ತೆ ಸ್ಕೂಲಿಗೆ ಇಸ್ಕೂಲು, ಸ್ಟೇಷನ್ನಿಗೆ ಇಸ್ಟೇಷನ್ನು ಎನ್ನುವ ಹಾಗೆ ಈ ಜನರ ನಾಲಿಗೆಗೂ ಹೆಸರಿನ ಮುಂದೆ ಒಂದು ಅಕ್ಷರ ಬೇಕೇನೋ ಎಂದುಕೊಂಡೆ. (ಅತ್ತೆ, ಸಿಟ್ಟಾಗಬೇಡಿ.) ನನಗೆ ಕೊಟ್ಟ ಕೋಣೆ ಪಂಪಿನ ಎದುರಿಗೇ ಇದೆ. ಹ್ಯಾಂಡಲು ಬಿಗಿಯಾದರೆ, ನೀರು ಸಣ್ಣಗಾದರೆ, ಅಲ್ಲಿದ್ದ ಯಾರಾದರೂ "ಅಮಾಯಿ!" ಎಂದು ಕೂಗುವುದು, ನಾನು ಉಣ್ಣುವ ತಾಟು ಬಿಟ್ಟು ನಟ್ಟು ಬಿಚ್ಚುವ ಪಾನಾ ಹಿಡಿದು ಓಡುವುದು. ಈ ಪಂಪಿನ ಚೆಂದವೇ ಅದು, ಒಂದೇ ಪಾನಾ ಸಾಕು. ಮೇಲಿನ ಮುಚ್ಚಳ ತೆಗೆದು, ರಾಡುಗಳನ್ನು ಕೈಯಲ್ಲೇ ಮೇಲಕ್ಕೆಳೆದು, ತುದಿಯ ರಬ್ಬರ್ ಸೀಲು ಬದಲಿಸಿದರೆ ಮುಗಿಯಿತು. ಮುಗಿಸಿ ಬೆವರು ಒರೆಸಿಕೊಂಡು ತಿರುಗಿದರೆ ಎನೆಲೆಸಿ ಮತ್ತು ಅವಳ ಸಮಿತಿಯ ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತಿದ್ದರು. ನನಗೋ ಮೈಯೆಲ್ಲ ಉರಿ. ಎಂಥ ಮೈಗಳ್ಳರಪ್ಪ, ಕಲಿಸಿದ್ದೆಲ್ಲ ದಂಡವಾಯಿತು ಎಂದುಕೊಳ್ಳುತ್ತಿದ್ದೆ. ನಿಮಗೆ ಪತ್ರ ಬರೆದದ್ದೂ ಆ ಸಿಟ್ಟಿನಲ್ಲೇ.

ಮಾರ್ಚ್ ಕೊನೆಗೆ ಸಂಸ್ಥೆಯ ಅಧಿಕಾರಿ ಫಿರಿ ಅವರ ಜೀಪು ಬಂತು. ಎನೆಲೆಸಿ ಅವರೆದುರು ಸೊಂಟಕ್ಕೆ ಕೈಯಿಟ್ಟು ನಿಂತು ನನ್ನ ಮೇಲೇ ದೂರು ಕೊಟ್ಟಳು. ನನ್ನ ಇಂಗ್ಲಿಷು ಎಷ್ಟೆಂದು ನಿಮಗೆ ಗೊತ್ತು, ಫಿರಿ ನಿಧಾನವಾಗಿ ಒಂದೊಂದೇ ಮಾತು ಬಿಡಿಸಿ ಹೇಳಿದರು. ಪಂಪು ಕೆಟ್ಟಾಗ ಜನ ನಮ್ಮನ್ನು ಕೂಗುತ್ತಾರೆ, ನಾವು ಏಳುವಷ್ಟರಲ್ಲಿ ಇವಳು ಓಡಿಬಂದು ಪಾನಾ ಹಾಕುತ್ತಾಳೆ, ಅತಿಥಿಯ ಕೈಯಿಂದ ಕೆಲಸ ಕಿತ್ತುಕೊಳ್ಳುವುದು ನಮ್ಮಲ್ಲಿ ಇಲ್ಲ ಎಂದು ಸುಮ್ಮನಿದ್ದೇವೆ, ಆದರೆ ಕೇಳಿ ನೋಡಿ, ನಮ್ಮ ಕೈ ಪಂಪಿಗೆ ಮುಟ್ಟಿದರೆ ಇವಳಿಗೆ ಹೇಸಿಗೆಯೇ?

ನಮ್ಮ ಊರಿನಲ್ಲಿ ಬಾವಿಕಟ್ಟೆಯ ಕೆಳಗೆ ಕೊಡ ಹಿಡಿದು, ಮೇಲಿಂದ ಯಾರಾದರೂ ನೀರು ಹೊಯ್ಯಲಿ ಎಂದು ಕಾದು ನಿಂತ ಮನೆತನದವಳು ನಾನು. ಆ ಮಾತನ್ನು ನಾನು ಕೇಳಿಸಿಕೊಳ್ಳಬೇಕಾಯಿತಲ್ಲ! ಅಳು ಬರುವ ಹಾಗಾಗಿ, ಅವರು ನನ್ನನ್ನೇ ಕೂಗುತ್ತಾರಲ್ಲ, ಅಮಾಯಿ ಅಂತ ನನ್ನ ಹೆಸರೇ ಹಿಡಿದು ಕರೆಯುತ್ತಾರಲ್ಲ ಎಂದೆ. ಫಿರಿ ನನ್ನ ಮುಖ ನೋಡಿದರು. ಆಮೇಲೆ ಜೀಪಿನ ಬಾನೆಟ್ಟಿಗೆ ಒರಗಿಕೊಂಡು ಹೊಟ್ಟೆ ಹಿಡಿದು ನಕ್ಕರು. ಇವರ ಭಾಷೆಯಲ್ಲಿ ಅಮಾಯಿ ಅಂದರೆ ತಾಯಿ. ನಾವು ಯಾವ ಹೆಂಗಸನ್ನಾದರೂ ಯವ್ವಾ ಎನ್ನುವುದಿಲ್ಲವೇ, ಹಾಗೆ. ಎನೆಲೆಸಿಯೂ ಅಮಾಯಿ, ಅವಳ ಅತ್ತೆಯೂ ಅಮಾಯಿ, ಆ ಕಟ್ಟೆಯ ಮೇಲೆ ಕೂತವರೆಲ್ಲ ಅಮಾಯಿ. ನಾನೊಬ್ಬಳೇ ಮಾಯಾ!

ಫಿರಿ ಅದನ್ನು ಅವರಿಗೆ ಹೇಳಿದಾಗ ಎನೆಲೆಸಿ ನೆಲಕ್ಕೆ ಕುಸಿದು ಕೂತು ನಕ್ಕಳು. ನಾನು ಪಾನಾವನ್ನು ಅವಳ ಮಡಿಲಿಗೆ ಹಾಕಿದೆ.

ಮೊನ್ನೆ ಪರೀಕ್ಷೆ ಆಯಿತು. ಅಧಿಕಾರಿಗಳು ತಾವೇ ಪಂಪಿನೊಳಗೆ ಹರಿದ ಸೀಲು ಕೂಡಿಸಿ, ದೂರ ಹೋಗಿ ನಿಂತರು. ಹ್ಯಾಂಡಲು ಹೊಡೆದು ಹೊಡೆದು ಸೋತ ಒಬ್ಬ ಹುಡುಗಿ "ಅಮಾಯಿ!" ಎಂದು ಕೂಗಿದಳು. ಸುಳ್ಳು ಯಾಕೆ ಹೇಳಲಿ, ನನ್ನ ಕಾಲುಗಳು ತಾವೇ ಎದ್ದವು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತುಬಿಟ್ಟೆ. ಹೆಂಗಸರು ಎದ್ದರು. ಒದ್ದೆ ರಾಡು ಜಾರಿ ಒಂದು ಸಲ ಕೈತಪ್ಪಿತು. ನಾನು ಬರಿಗೈಯಲ್ಲಿ ಹಿಡಿಯಲು ಕಲಿಸಿದ್ದೆ. ಎನೆಲೆಸಿ ಸೊಂಟಕ್ಕೆ ಸುತ್ತಿದ್ದ ಬಟ್ಟೆಯ ಸೆರಗನ್ನು ರಾಡಿಗೆ ಸುತ್ತಿ ಎಳೆದಳು, ಅದು ನನ್ನ ಪಾಠಕ್ಕಿಂತ ಸುಲಭವಾಯಿತು. ನೀರು ಬಂತು. ಅತ್ತೆ, ಪಾಸಾದೆವು!

(ಇಲ್ಲಿಗೆ ಮೊದಲ ಹಾಳೆ ಮುಗಿಯಿತು. ಇನ್ನು ಓದಿ ಹೇಳಬೇಡಿ.)

ಕುಣಿಯಬೇಕಿತ್ತು ನಾನು. ಅವರೆಲ್ಲ ಕುಣಿದರು. ನನಗೆ ಮಾತ್ರ ಹೊಟ್ಟೆಯಲ್ಲಿ ಏನೋ ಖಾಲಿ ಖಾಲಿ. ಈಗ ಪಂಪಿನ ಹತ್ತಿರ ಏನಾದರೂ ನನ್ನ ಕಡೆ ಒಬ್ಬರೂ ತಿರುಗಿ ನೋಡುವುದಿಲ್ಲ. ಅದೇ ಆಗಬೇಕಿತ್ತು, ಅದಕ್ಕೇ ನಾನು ಬಂದದ್ದು. ಗೊತ್ತಿದ್ದೂ ನೋವಾಗುತ್ತದೆ ನೋಡಿ.

ಅದೇ ವಾರ ಪ್ರಫುಲ್ಲಾಳ ಮರಾಠಿ ಪತ್ರ ಬಂತು. ಪಾಪ, ನನಗೆ ಸಂತೋಷವಾಗಲಿ ಎಂದೇ ಬರೆದಿದ್ದಾಳೆ. ನಿನ್ನ ಗಂಡ ಈಗ ಎಂಥ ರೊಟ್ಟಿ ಬಡಿಯುತ್ತಾನೆ ಗೊತ್ತೇ, ನಿನ್ನತ್ತೆ ಮಾರ್ಕೆಟ್ಟಿಗೆ ಹೋಗಿ ಕಾಯಿಪಲ್ಯ ಹೊತ್ತು ತರುತ್ತಾಳೆ, ಆರತಿ ದುಂಡಗಾಗಿದ್ದಾಳೆ, ನಿನ್ನ ಮನೆಯ ಚಿಂತೆಯೇ ಬೇಡ ಎಂದು. ಕೊನೆಗೆ, ಆರತಿ ಈಗ ಅಜ್ಜಿಯನ್ನೇ ಅವ್ವಾ ಎಂದು ಕರೆಯುತ್ತಾಳೆ ಎಂದೂ ಬರೆದಿದ್ದಾಳೆ. ನೀವು ಬರೆದದ್ದೇ ಬೇರೆ, ಅವಳು ಬರೆದದ್ದೇ ಬೇರೆ.

ಗುಡ್ಡದ ಆಚೆ ಇನ್ನೊಂದು ಹಳ್ಳಿ ಇದೆ. ಅಲ್ಲಿ ಹೋದ ತಿಂಗಳು ಪಂಪು ಕೂಡಿಸಿದ್ದಾರೆ, ನೋಡಿಕೊಳ್ಳಲು ಕಲಿತವರಿಲ್ಲ. ಪರೀಕ್ಷೆ ಪಾಸಾಯಿತು, ಬೇಕಾದರೆ ಹೋಗು, ಆದರೆ ಇನ್ನೊಂದು ವರ್ಷ ಇದ್ದರೆ ಆ ಊರಿಗೂ ಕಲಿಸಬಹುದು ಎಂದು ಫಿರಿ ಕೇಳಿದ್ದಾರೆ. ನಾನು ಹೂಂ ಅಂದಿಲ್ಲ, ಊಹೂಂ ಅಂದೂ ಇಲ್ಲ. ಮೇ ಕೊನೆಯ ವಾರ ಹೇಳಬೇಕು. ಆ ಊರಿಗಾದರೂ ನಾನು ಬೇಕಾಗಿದ್ದೇನೆ. ನೀವು ನನಗೆ ನಿಜ ಬರೆಯಿರಿ. ನಮ್ಮ ಮನೆಯಲ್ಲಿ ನನಗೆ ಏನು ಕೆಲಸ ಉಳಿದಿದೆ?

ನಿಮ್ಮ,
ಮಾಯಾ

ತಾ.ಕ. ಆರತಿಗೆ ಇದೆಲ್ಲ ತಿಳಿಸಬೇಡಿ. ಅವಳಿಗೆ ಎನೆಲೆಸಿ ಜೋಳದ ಗರಿಯಲ್ಲಿ ಒಂದು ಗೊಂಬೆ ಮಾಡಿ ಕೊಟ್ಟಿದ್ದಾಳೆ. ಅಂಚೆಯಲ್ಲಿ ಕಳಿಸಲು ಮನಸ್ಸಾಗಲಿಲ್ಲ.

—

ಚಿಂಚವಾಡ, ಪುಣೆ
೧೬ ಮೇ ೧೯೯೯

ಮಾಯಾ,

ಈ ಸಲ ಅವ್ವ ಹೇಳುವ ಮೊದಲೇ ಬರೆಯುತ್ತೇನೆ: ಎಲ್ಲರೂ ಆರಾಮ. ನೀನು ಆರಾಮಿಲ್ಲ ಎಂದು ಎರಡನೇ ಹಾಳೆ ಹೇಳಿತು.

ಮೊದಲನೆಯದನ್ನು ಓದಿದಾಗ ಮನೆಯಲ್ಲಿ ನಗೆಯೋ ನಗೆ. ಇಸ್ಟೇಷನ್ನಿನ ಮಾತಿಗೆ ಅವ್ವ, "ಮತ್ತೇನ ಅಂಬೋದು ಅದಕ್ಕ? ಇಸ್ಟೇಷನ್ನೇ ಅಲ್ಲೇನು ಅದು?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಎನೆಲೆಸಿಯ ಮಗುವಿನ ಸುದ್ದಿಗೆ ಮಾತ್ರ ಸೆರಗು ಬಾಯಿಗೆ ಹಿಡಿದಳು. ನಮ್ಮ ಊರಿನಲ್ಲೂ ಹಳ್ಳದ ನೀರಿಗೆ ಹೋದ ಕೂಸುಗಳು ಅವಳಿಗೆ ನೆನಪಾದವು. ಎರಡನೇ ಹಾಳೆಯನ್ನು ನಾನು ಗೋಡೆಯ ಕಡೆ ತಿರುಗಿ ಓದಿಕೊಂಡೆ. ಅದರೊಳಗೆ ಏನಿದೆ ಎಂದು ಕೇಳಿದಳು. ಪಂಪಿನ ಸಾಮಾನಿನ ವಿಷಯ ಎಂದೆ. "ಪಂಪಿನ ಸಾಮಾನಿಗಿ ನಿನ್ನ ಕಣ್ಣಾಗ ನೀರ್ಯಾಕ ಬಂತಪಾ?" ಎಂದು ಒಳಗೆ ಹೋದಳು.

ಪ್ರಫುಲ್ಲಾ ಬರೆದದ್ದನ್ನೆಲ್ಲ ನಂಬಬೇಡ. ಅವಳು ಎಲ್ಲದಕ್ಕೂ ಬಣ್ಣ ಹಚ್ಚಿ ಹೇಳುವವಳು. ಇಲ್ಲಿ ತಾಪತ್ರಯ ಇದ್ದೇ ಇದೆ. ಅವಳಿಗೇನು ಗೊತ್ತು, ಬಾಗಿಲ ಹೊರಗಿನಿಂದ ನೋಡುವವಳಿಗೆ.

ಆರತಿ ಅಜ್ಜಿಯನ್ನು ಅವ್ವಾ ಎನ್ನುವುದು ಖರೆ. ಯಾಕೆಂದು ನನ್ನನ್ನು ಕೇಳು. ದಿನವಿಡೀ ಈ ಮನೆಯಲ್ಲಿ ನಾನು ಅವ್ವಾ, ಚಹಾ; ಅವ್ವಾ, ಚಾವಿ ಎನ್ನುತ್ತಿರುತ್ತೇನೆ. ನಾನು ಏನಂದರೆ ಅವಳು ಅದೇ. ಅಷ್ಟೇ ಅಲ್ಲ, ಈಗ ನಿನ್ನನ್ನು ಮಾಯಾ ಎನ್ನುತ್ತಾಳೆ. "ಮಾಯಾ ಯಾವಾಗ ಬರ್ತಾಳ? ಮಾಯಾನ ಇಮಾನು ಎಷ್ಟ ದೊಡ್ಡದದ?" ಎಂದು ದೊಡ್ಡವರ ಹಾಗೆ ಕೇಳುತ್ತಾಳೆ. ಆ ದೇಶದಲ್ಲಿ ನಿನ್ನ ಹೆಸರು ಹಿಡಿದು ಕರೆದವರು ಯಾರೂ ಇರಲಿಲ್ಲ, ಇಲ್ಲಿ ಒಬ್ಬಳು ಇದ್ದಾಳೆ. ನಾನು ಎಷ್ಟು ತಿದ್ದಿದರೂ ಕೇಳುವುದಿಲ್ಲ. ಬಂದು ನೀನೇ ತಿದ್ದಿಕೋ, ಅಥವಾ ಬಿಡು.

ಗುಡ್ಡದ ಆಚೆಯ ಊರಿನ ಬಗ್ಗೆ ಬಹಳ ಯೋಚನೆ ಮಾಡಿದೆ. ಮೊದಲು ನಿನ್ನ ಮೇಲೆ ರೇಗಿದೆ, ಆಮೇಲೆ ಫಿರಿ ಸಾಹೇಬನ ಮೇಲೆ. ಆದರೆ ಆ ಪಂಪು ಕೆಟ್ಟರೆ ಅಲ್ಲಿಯ ಕೂಸುಗಳೂ ಗುಂಡಿಯ ನೀರು ಕುಡಿಯಬೇಕಾಗುತ್ತದೆ ಎಂದಮೇಲೆ ಹೋಗಬೇಡ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಮಲಕಪ್ಪನ ಹತ್ತಿರ ಹೇಳಿಕೊಂಡೆ. ಈ ಸಲ ಅವನು ಚೇಷ್ಟೆ ಮಾಡಲಿಲ್ಲ. "ಎನೆಲೆಸಿ ಅದಾಳಲ್ಲೋ, ಆಕಿ ಕಲಿಸ್ಲಿ. ನಿನ್ನ ಹೆಂಡ್ತಿನೇ ಯಾಕ ಬೇಕು?" ಎಂದ. ನಮ್ಮ ಶಾಪಿನಲ್ಲೂ ಹಾಗೇ ನೋಡು, ಹೊಸ ಮಷಿನ್ ಬಂದರೆ ಮೊನ್ನೆ ಮೊನ್ನೆ ಕಲಿತವನು ಚೆನ್ನಾಗಿ ಕಲಿಸುತ್ತಾನೆ, ತಾನು ಎಲ್ಲೆಲ್ಲಿ ತಪ್ಪಿದೆ ಎಂಬುದು ಅವನಿಗಿನ್ನೂ ಹಸಿಯಾಗಿ ನೆನಪಿರುತ್ತದೆ. ಎನೆಲೆಸಿಗೆ ಆ ಊರಿನ ಭಾಷೆ ಬರುತ್ತದೆ, ಒದ್ದೆ ರಾಡು ಹಿಡಿಯುವ ಉಪಾಯ ಗೊತ್ತು, ನಿನ್ನ ಹಾಗೆ ಯಾರೋ ಕೂಗಿದರೆ ತನ್ನನ್ನೇ ಎಂದು ಓಡುವುದಿಲ್ಲ. ಫಿರಿಗೆ ಕೇಳಿ ನೋಡು. ನಿನ್ನ ಬದಲು ಅವಳು ಹೋದರೆ ಪಂಪು ನಿಜವಾಗಿ ಆ ಜನರದ್ದೇ ಆಗುತ್ತದೆ, ನೀನೇ ಬರೆದ ಮಾತದು.

ಅವರು ಒಪ್ಪದಿದ್ದರೆ, ನೀನೇ ಬೇಕು ಎಂದರೆ, ಒಂದು ವರ್ಷ ಇದ್ದು ಬಾ. ನಾನು ಅಡ್ಡ ಬರುವುದಿಲ್ಲ. ಶಾಲೆಯ ಗೇಟಿಗೆ ನಾನು ರಜೆ ಹಾಕಿ ಹೋಗುತ್ತೇನೆ, ಆರತಿಗೆ ಏನಾದರೂ ಹೇಳುತ್ತೇನೆ. ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು.

ಭೀಮು

ತಾ.ಕ. ಲಕೋಟೆ ಅಂಟಿಸಿ ಪೋಸ್ಟಿನ ಡಬ್ಬಿಯವರೆಗೆ ಹೋಗಿ, ಹಾಕದೆ ತಿರುಗಿ ಬಂದು, ಲಕೋಟೆ ಒಡೆದು ಇದನ್ನು ಸೇರಿಸುತ್ತಿದ್ದೇನೆ. ನಿಜ ಬರೆಯಿರಿ ಎಂದು ನೀನು ಕೇಳಿದ್ದೆ, ನಾನು ಬರೆದಿರಲಿಲ್ಲ. ಪ್ರಫುಲ್ಲಾ ಒಂದು ಅಕ್ಷರವೂ ಸುಳ್ಳು ಬರೆದಿಲ್ಲ. ನೀನಿಲ್ಲದೆಯೂ ಎಲ್ಲ ಸರಿಯಾಗಿ ನಡೆಯುತ್ತಿದೆ. ಅದನ್ನು ಹೇಳಿದರೆ ನೀನು ಬರುವುದಿಲ್ಲವೇನೋ ಎಂಬ ಹೆದರಿಕೆಗೆ ಇಷ್ಟು ದಿನ ಗೋಳಿನ ಕಥೆ ಕಟ್ಟಿ ಕಳಿಸಿದೆ. ಮನೆಯಲ್ಲಿ ನಿನಗೆ ಒಂದು ಕೆಲಸವೂ ಉಳಿದಿಲ್ಲ ಮಾಯಾ. ಸುಮ್ನ ಬಾ.